ಸಲಿನಾಸ್ ಎಂದರೆ ಉಪ್ಪಿನಾಗರ

ಅಜ್ಜ ನನ್ನ ಕೈಯನ್ನು ಎರಡು ಸಲ ಒತ್ತಿದರು. ಒಂದು ಸಲ ಒತ್ತಿದರೆ ಹೌದು, ಎರಡು ಸಲ ಒತ್ತಿದರೆ ಅಲ್ಲ. ನಾನು ಕೇಳಿದ್ದು ತೀರಾ ಸರಳವಾದ ಪ್ರಶ್ನೆ: "ನಿಮ್ಮ ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲ ಸಲಿನಾಸ್ ಮನೆತನದವರೇ ತಾನೆ?" ಆಸ್ಪತ್ರೆಯವರು ಕಟ್ಟಿದ ಕೈಪಟ್ಟಿಯ ಮೇಲೆ ದಪ್ಪಕ್ಷರದಲ್ಲಿ ಸಲಿನಾಸ್ ಎಂದೇ ಬರೆದಿತ್ತು. ಆದರೂ ಅಜ್ಜ ಅಲ್ಲ ಎಂದರು. ಹಾಸಿಗೆಯ ಪಕ್ಕದ ಟ್ಯಾಬ್ಲೆಟ್ಟಿನ ಪರದೆಯಲ್ಲಿದ್ದ ಸ್ಪ್ಯಾನಿಷ್ ದುಭಾಷಿ ನನ್ನ ಪ್ರಶ್ನೆಯನ್ನು ಮತ್ತೊಮ್ಮೆ, ನಿಧಾನವಾಗಿ ಹೇಳಿದರು. ಅಜ್ಜ ಮತ್ತೆ ಎರಡು ಸಲ ಒತ್ತಿದರು, ಈ ಸಲ ಸ್ವಲ್ಪ ಜೋರಾಗಿಯೇ.

ನಾನು ಈಸ್ಟ್ ಬೇಯ ಒಂದು ಆಸ್ಪತ್ರೆಯಲ್ಲಿ ಸೋಷಿಯಲ್ ವರ್ಕರ್. ರೋಗಿಯ ದೇಹದ ಉಸ್ತುವಾರಿ ಡಾಕ್ಟರುಗಳದ್ದು, ನರ್ಸುಗಳದ್ದು. ರೋಗಿಯ ಹಿಂದೆ ಮುಂದೆ ಯಾರಿದ್ದಾರೆ, ಮನೆಗೆ ಹೋದರೆ ಬಾಗಿಲು ತೆಗೆಯುವವರು ಯಾರು ಎಂಬ ಪಂಚಾಯಿತಿ ನನ್ನದು. ಈ ಅಜ್ಜ ಯೂನಿಯನ್ ಸಿಟಿಯ ರೈಲು ನಿಲ್ದಾಣದ ಬೆಂಚಿನ ಮೇಲೆ ಕುಸಿದಿದ್ದರು. ದಾರಿಹೋಕರು ಆಂಬ್ಯುಲೆನ್ಸು ಕರೆಸಿದ್ದರು. ಮೆದುಳಿನ ಎಡಭಾಗಕ್ಕೆ ಸ್ಟ್ರೋಕು ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿದ್ದವು, ಮಾತು ಪೂರ್ತಿ ನಿಂತಿತ್ತು. ಫೋನು ಎಲ್ಲಿ ಬಿತ್ತೋ, ಯಾರ ಪಾಲಾಯಿತೋ ತಿಳಿಯಲಿಲ್ಲ. ಜೇಬಿನಲ್ಲಿ ಸರಕಾರಿ ಆರೋಗ್ಯ ವಿಮೆಯ ಕಾರ್ಡು ಮಾತ್ರ ಇತ್ತು. ಅದರಲ್ಲಿ ಅವರ ಹೆಸರು, ನಡುವೆ ಎಂ ಎಂಬ ಒಂಟಿ ಅಕ್ಷರ, ಕೊನೆಗೆ ಸಲಿನಾಸ್. ಆ ಕಾರ್ಡಿನ ಜಾಡು ಹಿಡಿದು ಸಿಕ್ಕ ಅಪಾರ್ಟ್‌ಮೆಂಟಿನಲ್ಲಿ ಈಗ ಬೇರೆ ಯಾರೋ ಇದ್ದರು. ಈ ಹೆಸರು ಅವರು ಕೇಳಿಯೇ ಇರಲಿಲ್ಲ.

ಅಜ್ಜನಿಗೆ ನುಂಗಲು ಬರುತ್ತಿರಲಿಲ್ಲ. ಮೂಗಿನಿಂದ ಹೊಟ್ಟೆಗೆ ಇಳಿಸಿದ ತೆಳು ನಳಿಗೆಯಲ್ಲಿ ಆಹಾರ ಹೋಗುತ್ತಿತ್ತು. ಅದು ತಾತ್ಕಾಲಿಕ. ಮುಂದಿನ ದಾರಿ ಎರಡೇ. ಆಪರೇಷನ್ ಮಾಡಿ ಹೊಟ್ಟೆಗೇ ನಳಿಗೆ ಕೂಡಿಸಿ, ವ್ಯಾಯಾಮ ಮಾಡಿಸುತ್ತಾ ಕಾದು ನೋಡುವುದು ಒಂದು. ನಳಿಗೆ ತೆಗೆದು, ನೋವಾಗದಂತೆ ನೋಡಿಕೊಂಡು, ಕೊನೆಗಾಲ ಬಂದಂತೆ ಬರಲಿ ಎಂದು ಬಿಡುವುದು ಇನ್ನೊಂದು. ಯಾವುದು ಬೇಕೆಂದು ರೋಗಿ ಹೇಳಬೇಕು. ಅವರಿಗಾಗದಿದ್ದರೆ ಮನೆಯವರು ಹೇಳಬೇಕು. ಮನೆಯವರೂ ಇಲ್ಲವೆಂದಾದರೆ, ಅಜ್ಜನನ್ನು ಎಂದೂ ಕಂಡಿರದ ಐದಾರು ಜನ ಮೇಜಿನ ಸುತ್ತ ಕೂತು ತೀರ್ಮಾನಿಸುತ್ತಾರೆ. ಅವರೇನೂ ಕೆಟ್ಟವರಲ್ಲ, ಎಲ್ಲ ಒಳ್ಳೆಯವರೇ. ಆದರೂ ಆ ಮೇಜು ನೆನೆದರೆ ನನಗೆ ಸಂಕಟವಾಗುತ್ತಿತ್ತು.

ಹುಡುಕಾಟ ಸಲಿನಾಸ್ ಎಂಬ ಹೆಸರಿನಿಂದಲೇ ಶುರುವಾಯಿತು. ಅದೊಂದೇ ತಾನೇ ನಮ್ಮ ಕೈಯಲ್ಲಿದ್ದದ್ದು! ಅಂದೇ ತಿಳಿಯಿತು, ಈ ಕಡಲತೀರದಲ್ಲಿ ಸಲಿನಾಸ್ ಎಂದು ಕೂಗಿದರೆ ಬೀದಿಗೊಬ್ಬರು ತಿರುಗಿ ನೋಡುತ್ತಾರೆ ಎಂದು. ನಮ್ಮಿಂದ ದಕ್ಷಿಣಕ್ಕೆ ಒಂದು ಊರಿನ ಹೆಸರೇ ಅದು. ಹೇವರ್ಡ್, ಫ್ರೀಮಾಂಟ್, ಸ್ಯಾನ್ ಹೋಸೆ, ಎಲ್ಲಿ ನೋಡಿದರೂ ಸಲಿನಾಸ್. ಒಬ್ಬರು ದಂತವೈದ್ಯರು, ಒಬ್ಬರ ಟಯರಿನ ಅಂಗಡಿ, ಒಬ್ಬರು ಪೆರು ದೇಶದವರು, ಇನ್ನೊಬ್ಬರು ಚಿಲಿಯವರು, ಒಬ್ಬಾಕೆ ಫಿಲಿಪೀನ್ಸಿನವರು. ಫೋನಿನಲ್ಲಿ ರೋಗಿಯ ಸ್ಥಿತಿ ಹೇಳುವಂತಿಲ್ಲ, ಕಾನೂನು ಬಿಡುವುದಿಲ್ಲ. "ಈ ಹೆಸರಿನ ಹಿರಿಯರೊಬ್ಬರ ಮನೆಯವರಿಗಾಗಿ ಹುಡುಕುತ್ತಿದ್ದೇವೆ" ಎಂದಷ್ಟೇ ಹೇಳಿ, ಆ ಕಡೆಯ ಉತ್ತರಕ್ಕೆ ಕಿವಿಯೊಡ್ಡಬೇಕು. ಹೆಚ್ಚಿನವರು ಪಾಪ ಯೋಚಿಸಿ ಇಲ್ಲ ಎನ್ನುತ್ತಿದ್ದರು. ಟಯರಿನ ಅಂಗಡಿಯವರು ಮಾತ್ರ ನನ್ನನ್ನು ವಿಮೆ ಮಾರುವವಳೆಂದು ತಿಳಿದು ಬೈದರು. ನಾನೂ ಎರಡು ಮಾತು ಹೆಚ್ಚೇ ಆಡಿದೆ, ಸುಳ್ಳೇಕೆ.

ಸ್ಪ್ಯಾನಿಷ್ ರೇಡಿಯೊದವರು ಸಲಿನಾಸ್ ಕುಟುಂಬಕ್ಕೊಂದು ವಿನಂತಿ ಎಂದು ಪ್ರಕಟಣೆ ಕೊಟ್ಟರು. ಕರೆಗಳು ಬಂದೇ ಬಂದವು. ಕಾಣೆಯಾದ ತಮ್ಮವರನ್ನು ವರ್ಷಗಟ್ಟಲೆಯಿಂದ ಹುಡುಕುತ್ತಿದ್ದವರ ಕರೆಗಳವು. ಒಂದೂ ನಮ್ಮ ಅಜ್ಜನಿಗೆ ಹೊಂದಲಿಲ್ಲ. ಮೆಕ್ಸಿಕೋದ ಕಾನ್ಸುಲೇಟಿಗೆ ಫೋನು ಮಾಡಿದೆ. ಅಲ್ಲಿನ ಗುಮಾಸ್ತ "ಎರಡನೆಯ ಮನೆತನದ ಹೆಸರು?" ಎಂದು ಕೇಳಿದ. "ಎರಡನೆಯದಿಲ್ಲ, ಇರುವುದು ಒಂದೇ" ಎಂದೆ. "ಒಂದೇ ಹೆಸರಿನಿಂದ ಹುಡುಕುವುದು ಕಷ್ಟ ಮೇಡಂ" ಎಂದ. ಸರಕಾರಿ ಕಚೇರಿಯವರು ಎಲ್ಲಿ ಹೋದರೂ ಒಂದೇ, ಕೆಲಸ ತಪ್ಪಿಸಿಕೊಳ್ಳಲು ನೆಪ ಎಂದು ಮನಸ್ಸಿನಲ್ಲೇ ಶಪಿಸಿದೆ.

ನಮ್ಮ ಸ್ಪೀಚ್ ಥೆರಪಿಸ್ಟು ಮಂಗಳೂರಿನವಳು, ಮನೆಮಾತು ಕೊಂಕಣಿ, ಕ್ರೈಸ್ತರ ಮನೆಯ ಹೆಣ್ಣು. ಅವಳದ್ದು ಪೋರ್ಚುಗೀಸರ ಕಾಲದ ಅಡ್ಡಹೆಸರು. ಅವಳ ಬ್ಯಾಡ್ಜು ನೋಡಿದ ಕೂಡಲೇ ರೋಗಿಗಳು ಗಳಗಳ ಸ್ಪ್ಯಾನಿಷ್ ಶುರು ಮಾಡುತ್ತಾರೆ. ಅವಳಿಗೋ ಆ ಭಾಷೆಯ ಗಂಧವಿಲ್ಲ. ಮಾತು ಕಳೆದುಕೊಂಡವರಿಗೆ ನುಂಗುವುದನ್ನೂ ಉತ್ತರಿಸುವುದನ್ನೂ ಮತ್ತೆ ಕಲಿಸುವುದು ಅವಳ ಕೆಲಸ. ಕೈ ಒತ್ತುವ ಪಾಠವನ್ನು ಅಜ್ಜನಿಗೆ ಕಲಿಸಿದವಳೂ ಅವಳೇ. ಅಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಡಬ್ಬಿ ಬಿಚ್ಚುತ್ತಾ ಹೇಳಿದಳು.

"ನಂಗೆ ಅರ್ಥವೇ ಆಗ್ತಾ ಇಲ್ಲ ಮಾರಾಯ್ತಿ. ದೀಪ ಉರೀತಾ ಉಂಟಾ ಅಂತ ಕೇಳಿದ್ರೆ ಸರಿ ಹೇಳ್ತಾರೆ. ಕಲ್ಲು ನೀರಲ್ಲಿ ತೇಲ್ತದಾ ಅಂದ್ರೆ ಅಲ್ಲ ಅಂತಾರೆ. ಮೆಕ್ಸಿಕೋದವ್ರಾ ಅಂದ್ರೆ ಹೌದು ಅಂತಾರೆ. ಅವರ ಮನೆಯವರ ವಿಷಯ ಕೇಳಿದ್ರೆ ಮಾತ್ರ ಎಲ್ಲ ಉಲ್ಟಾ. ನಿಮ್ಮ ಅಪ್ಪ ಸಲಿನಾಸಾ ಅಂದ್ರೆ ಅಲ್ಲ. ಮಕ್ಕಳುಂಟಾ ಅಂದ್ರೆ ಇಲ್ಲ. ತಂಗಿ ಉಂಟಾ ಅಂದ್ರೆ ಹೌದು. ತಂಗಿ ಸಲಿನಾಸಾ ಅಂದ್ರೆ ಅಲ್ಲ."

"ತಂಗಿ ಮದುವಿ ಆಗಿರ್ಬೇಕು, ಗಂಡನ ಹೆಸರು ಬಂದಿರ್ತದ" ಎಂದೆ.

"ಆಯ್ತು, ತಂಗಿದು ಬಿಡು. ಅಪ್ಪಂದು? ಅಪ್ಪನೂ ಮದುವೆಯಾಗಿ ಹೆಂಡತಿ ಹೆಸರು ಇಟ್ಕೊಂಡ್ನಾ?"

ಇಬ್ಬರೂ ನಕ್ಕೆವು. ನಕ್ಕು ಮುಗಿದ ಮೇಲೆ ಅವಳು ತನ್ನ ವರದಿಯಲ್ಲಿ ಬರೆದದ್ದನ್ನು ಹೇಳಿದಳು: ಕಣ್ಣೆದುರಿನ ಸಂಗತಿಗಳಿಗೆ ಉತ್ತರ ಸರಿಯಾಗಿದೆ, ತನ್ನ ಬಗ್ಗೆ ಕೇಳಿದರೆ ಗೊಂದಲವಿದೆ, ಹೌದು ಅಲ್ಲಗಳನ್ನು ನೆಚ್ಚುವಂತಿಲ್ಲ. ಬೇರೇನು ಬರೆಯಬೇಕಿತ್ತು ಅವಳು? ಆದರೆ ಆ ಒಂದು ಸಾಲಿನಿಂದ ಅಜ್ಜ ತಮ್ಮ ವಿಷಯ ತಾವೇ ಹೇಳುವ ಹಕ್ಕನ್ನು ಕಳೆದುಕೊಂಡರು. ವಾರ್ಡಿನ ಡಾಕ್ಟರು ಮೇಜಿನ ಸಭೆಗೆ ದಿನ ಗೊತ್ತು ಮಾಡಿದರು.

ಅಂದು ಸಂಜೆ ಮನೆಗೆ ಹೊರಡುವ ಮುಂಚೆ ಅಜ್ಜನ ಕೋಣೆಗೆ ಹೋದೆ. ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದರು. ಒರಟಾದ ದೊಡ್ಡ ಕೈಗಳು, ಬೆರಳ ತುಂಬ ಹಳೆಯ ಸಣ್ಣ ಸಣ್ಣ ಗೀರುಗಳು. ಯೂನಿಯನ್ ಸಿಟಿಯ ಸುತ್ತ ಹಿಂದೆ ಹೂವಿನ ನರ್ಸರಿಗಳಿದ್ದವಂತೆ. "ಗುಲಾಬಿ ಕೆಲಸ ಮಾಡ್ತಿದ್ರೇನು?" ಎಂದು ನನಗೆ ಬರುವ ಹರಕು ಸ್ಪ್ಯಾನಿಷಿನಲ್ಲಿ ಕೇಳಿದೆ. ಒಂದು ಸಲ ಒತ್ತಿದರು. ಇದನ್ನೂ ನಂಬುವಂತಿರಲಿಲ್ಲ, ವರದಿಯ ಪ್ರಕಾರ. ನಾನು ನಂಬಿದೆ. ಈ ಮನುಷ್ಯ ಯಾರ ಮನೆಗೆ ಹೊರಟಿದ್ದನೋ, ಅಲ್ಲಿ ಯಾರು ಬಾಗಿಲು ನೋಡುತ್ತಾ ಕೂತಿದ್ದಾರೋ ಎಂದುಕೊಳ್ಳುತ್ತಾ ಹೊದಿಕೆ ಸರಿಮಾಡಿ ಹೊರಟೆ.

ಮರುದಿನ ಸ್ಯಾನ್ ಮಟಿಯೋದಿಂದ ಒಂದು ಕರೆ ಬಂತು. ನಾನು ಹಿಂದೆ ಸಂದೇಶ ಬಿಟ್ಟಿದ್ದ ಸಲಿನಾಸ್‌ಗಳಲ್ಲಿ ಒಬ್ಬರು. ಹೈಸ್ಕೂಲಿನಲ್ಲಿ ಸ್ಪ್ಯಾನಿಷ್ ಕಲಿಸಿ ನಿವೃತ್ತರಾದ ಟೀಚರು. ಮೊದಲ ಮಾತಿಗೇ "ನಾನು ನೀವು ಹುಡುಕುವವಳಲ್ಲ, ಆದರೆ ಸಲಿನಾಸ್ ಎಂದವರ ಫೋನನ್ನು ನಾನು ಬೇಗ ಇಡುವುದಿಲ್ಲ" ಎಂದರು. ನನಗೆ ಆ ಹೊತ್ತು ಹರಟೆಗೆ ಪುರುಸೊತ್ತಿರಲಿಲ್ಲ. ಆದರೆ ಟೀಚರುಗಳ ಮಾತು ನಡುವೆ ಕತ್ತರಿಸುವ ಧೈರ್ಯ ನನಗೆ ಈ ವಯಸ್ಸಿನಲ್ಲೂ ಬಂದಿಲ್ಲ.

"ಅರ್ಥ ಗೊತ್ತೇ ಮಗಳೇ? ಸಲಿನಾಸ್ ಎಂದರೆ ಉಪ್ಪು ಬೆಳೆಯುವ ಜಾಗ. ಸಮುದ್ರದ ನೀರನ್ನು ಕಟ್ಟೆ ಕಟ್ಟಿ ಬಿಸಿಲಿಗೆ ಒಣಗಿಸುತ್ತಾರಲ್ಲ, ಅದು. ನಮ್ಮ ಸೇತುವೆ ದಾಟಿ ನಿಮ್ಮ ಕಡೆ ಬಂದರೆ ಈಗಲೂ ಕೆಂಪಗೆ ಕಾಣುತ್ತವೆ."

"ನಮ್ಮ ಕರಾವಳಿಯಲ್ಲೂ ಇವೆ. ಉಪ್ಪಿನ ಆಗರ ಅಂತೀವಿ" ಎಂದೆ.

"ನೋಡಿದೆಯಾ! ಸ್ಪೇನಿನಲ್ಲಿ ಉಪ್ಪು ತೆಗೆಯುವ ಊರುಗಳೆಷ್ಟೋ. ಆ ಊರುಗಳಿಗೆಲ್ಲ ಅದೇ ಹೆಸರು. ಊರು ಬಿಟ್ಟು ಬಂದವನನ್ನು ಎಲ್ಲಿಯವನಪ್ಪಾ ಎಂದು ಕೇಳಿದರೆ ಸಲಿನಾಸ್‌ನವನು ಎನ್ನುತ್ತಿದ್ದ. ಅದೇ ಅವನ ಮನೆತನದ ಹೆಸರಾಯಿತು. ಆದ್ದರಿಂದಲೇ ಸಲಿನಾಸ್‌ಗಳೆಲ್ಲ ಒಂದೇ ಬೇರಿನವರಲ್ಲ. ನೂರು ಸಲಿನಾಸ್‌ಗಳಿಗೆ ನೀನು ಫೋನು ಮಾಡಿದರೂ ಅವರು ಒಬ್ಬರಿಗೊಬ್ಬರು ಏನೂ ಆಗಬೇಕಿಲ್ಲ. ಅದಿರಲಿ, ನಿನ್ನ ಹಿರಿಯರಿಗೆ ಸಲಿನಾಸ್ ಬಂದದ್ದು ಅಪ್ಪನಿಂದಲೋ ಅಮ್ಮನಿಂದಲೋ?"

"ಕೊನೆಯ ಹೆಸರು ಅದೇ. ಅಂದಮೇಲೆ ಅಪ್ಪನದೇ" ಎಂದೆ.

ಅವರು, ತರಗತಿಯಲ್ಲಿ ಹಿಂದಿನ ಬೆಂಚಿನವರಿಗೆ ಹೇಳುವ ಧಾಟಿಯಲ್ಲಿ, ನಿಧಾನವಾಗಿ ಹೇಳಿದರು. "ಮೆಕ್ಸಿಕೋದಿಂದ ಹೊಸದಾಗಿ ಬಂದ ಮಕ್ಕಳು ನನ್ನ ಶಾಲೆಗೆ ಸೇರುತ್ತಿದ್ದರು. ಹಾಜರಿ ಕೂಗಿದರೆ ಏಳುತ್ತಲೇ ಇರಲಿಲ್ಲ. ಕಿವಿ ಮಂದವೇನೋ ಎಂದು ಬೇರೆ ಟೀಚರುಗಳು ಅನುಮಾನಪಡುತ್ತಿದ್ದರು. ಕಿವಿಗೇನಾಗಿತ್ತು? ನಮ್ಮಲ್ಲಿ ಮೊದಲು ಅಪ್ಪನ ಮನೆತನ, ಕೊನೆಗೆ ಅಮ್ಮನ ಮನೆತನ. ಇಲ್ಲಿನ ಆಫೀಸಿನವರು ಕೊನೆಯದನ್ನು ಹಿಡಿದುಕೊಂಡು ನಡುವಿನದನ್ನು ನುಂಗಿಬಿಡುತ್ತಾರೆ. ಆ ಮಕ್ಕಳನ್ನು ಅಮ್ಮನ ಹೆಸರಿನಿಂದ ಕೂಗುತ್ತಿದ್ದರು. ಅದು ತಮ್ಮನ್ನೇ ಕರೆದದ್ದೆಂದು ಅವಕ್ಕೆ ಹೊಳೆಯುತ್ತಿರಲಿಲ್ಲ."

ಎರಡು ಮನೆತನದ ಈ ಪದ್ಧತಿ ನನಗೆ ಗೊತ್ತೇ ಇರಲಿಲ್ಲವೆಂದಲ್ಲ. ಎರಡೂ ಹೆಸರು ಪೂರ್ತಿ ಬರೆದಿದ್ದರೆ ಖಂಡಿತ ಹೊಳೆಯುತ್ತಿತ್ತು. ಒಂದು ಹೆಸರು ಮುದುಡಿ ಒಂಟಿ ಅಕ್ಷರವಾಗಿ ನಡುವೆ ಕೂತಾಗ ನನ್ನ ಕಣ್ಣು ತವರೂರು ಗದಗಿನ ಕಣ್ಣಾಯಿತು. ನಮ್ಮ ಕಡೆ ಮೊದಲು ತನ್ನ ಹೆಸರು, ನಡುವೆ ಅಪ್ಪನ ಹೆಸರು, ಕೊನೆಗೆ ಮನೆತನದ ಅಡ್ಡಹೆಸರು. ನಾನು ಹುಟ್ಟಿದ್ದು ಮೆಣಸಿನಕಾಯಿಯವರ ಮನೆಯಲ್ಲಿ, ಸೇರಿದ್ದು ಬೆಲ್ಲದವರ ಮನೆ. ನಡುವಿನ ಅಕ್ಷರ ಮೊದಲು ಅಪ್ಪನದಿತ್ತು, ಆಮೇಲೆ ಗಂಡನದಾಯಿತು. ಅಜ್ಜನ ಎಂ ಕೂಡ ಹಾಗೆಯೇ ಅವರ ಅಪ್ಪನ ಹೆಸರಿರಬೇಕು, ಮ್ಯಾನುಯೆಲ್ಲೋ ಮಿಗೆಲ್ಲೋ ಎಂದುಕೊಂಡು, ಅದನ್ನು ಅಲ್ಲಿಗೇ ಬಿಟ್ಟು ಮುಂದೆ ಓಡಿದ್ದೆ. ಮೆಕ್ಸಿಕೋದ ಅಜ್ಜನನ್ನು ಗದಗಿನವನನ್ನಾಗಿ ಮಾಡಿಬಿಟ್ಟಿದ್ದೆ.

ಹೊಳೆದದ್ದು ನಿಜವೋ, ನನ್ನ ಆಸೆಯೋ ಎಂಬ ಅನುಮಾನ ಮಾತ್ರ ಹೋಗಲಿಲ್ಲ. ಸಂಜೆ ಮಗಳನ್ನು ಡ್ಯಾನ್ಸು ಕ್ಲಾಸಿನಿಂದ ಕರೆದುಕೊಂಡು ಸ್ಯಾನ್ ರಮೋನಿಗೆ ಹೋಗುವಾಗ 680 ಫ್ರೀವೇಯಲ್ಲಿ ಗಾಡಿಗಳು ಆಮೆ ನಡಿಗೆಯಲ್ಲಿದ್ದವು. ಅವ್ವನಿಗೆ ಫೋನು ಹಚ್ಚಿದೆ. ಗದಗಿನಲ್ಲಿ ಆಗ ಬೆಳಗು. ಅವ್ವ ಒಗ್ಗರಣೆಯ ನಡುವೆಯೇ ಫೋನೆತ್ತಿದಳು.

"ಅವ್ವಾ, ನಿನ್ನ ತವರುಮನಿ ಅಡ್ಡಹೆಸರು ಉಳ್ಳಾಗಡ್ಡಿ ಅಲ್ಲೇನು? ಅದು ನನ್ನ ಹೆಸರಿನ್ಯಾಗ ಎಲ್ಲೂ ಇಲ್ಲಲ್ಲ" ಎಂದೆ.

"ನನ್ನ ಹೆಸರಿನ್ಯಾಗ ಇಲ್ಲ, ಇನ್ನ ನಿನ್ನ ಹೆಸರಿನ್ಯಾಗ ಎಲ್ಲಿಂದ ಬರಬೇಕವಾ? ಲಗ್ನದ ದಿನಾನೇ ಹೊಸ್ತಿಲ ಆಚೆ ಇಟ್ಟು ಬಂದೀನಿ. ಏನಾತು ನಿನಗ, ಮುಂಜಾನೆದ್ದು ಉಳ್ಳಾಗಡ್ಡಿ ನೆನಪಾಗಾಕ?"

"ಇಲ್ಲಿ ಸಂಜಿ ಆಗೇತವ್ವಾ. ಮೆಕ್ಸಿಕೋದಾಗ ಅವ್ವನ ಮನಿ ಹೆಸರೂ ಮಕ್ಕಳ ಸಂಗಾಟ ಇರ್ತದಂತ. ಲಗ್ನ ಆದ್ರೂ ಹೆಣ್ಣುಮಕ್ಕಳು ಹೆಸರು ಬದಲಿ ಮಾಡೂದಿಲ್ಲಂತ."

"ಶಾಣ್ಯಾ ಮಂದಿ ಅದಾರ ಬಿಡು" ಎಂದಳು ಅವ್ವ. ಸೌಟಿನ ಸದ್ದು ನಿಂತಿತು. "ಉಪ್ಪಿಗಿಂತ ರುಚಿ ಇಲ್ಲ, ತಾಯಿಗಿಂತ ಬಂಧು ಇಲ್ಲ ಅಂತಾರ. ಅನ್ನೂದಷ್ಟ ನೋಡು. ಬರಿಯೂ ಮುಂದ ತಾಯಿ ಹೆಸರು ಯಾರೂ ಬರಿಯಂಗಿಲ್ಲ."

ಹಿಂದಿನ ಸೀಟಿನಿಂದ ಮಗಳು ಇಂಗ್ಲಿಷಿನಲ್ಲಿ ಕೂಗಿದಳು, "ವೇಟ್, ಸೋ ಐ ಆಮ್ ಆಲ್ಸೋ ಆನಿಯನ್?"

"ಹೌದವಾ ನನ್ನ ಬಂಗಾರ, ನೀನೂ ಉಳ್ಳಾಗಡ್ಡೀನೇ" ಎಂದು ಅವ್ವ ಗದಗಿನಿಂದ ನಕ್ಕಳು. ನನಗೆ ನಗುವಿನ ಜೊತೆ ಕಣ್ಣೂ ತುಂಬಿತು. ಸಲಿನಾಸ್ ಅಜ್ಜನ ತಾಯಿಯ ಹೆಸರೇ ಆಗಿದ್ದರೆ ಅವರು ಕೊಟ್ಟ ಒಂದು ಉತ್ತರವೂ ತಪ್ಪಿರಲಿಲ್ಲ. ಅಪ್ಪ ಸಲಿನಾಸ್ ಅಲ್ಲ. ತಂಗಿ ಇದ್ದಾಳೆ, ಅವಳೂ ಬರಿಯ ಸಲಿನಾಸ್ ಅಲ್ಲ. ಅಜ್ಜ ಪ್ರತಿ ಸಲವೂ ನಿಜವನ್ನೇ ಹೇಳಿದ್ದರು. ಗೊಂದಲ ಇದ್ದದ್ದು ಹಾಸಿಗೆಯ ಈ ಕಡೆ.

ಬೆಳಿಗ್ಗೆ ಡಾಕ್ಟರನ್ನು ಕಾರಿಡಾರಿನಲ್ಲೇ ತಡೆದೆ. ಸಭೆ ಮುಂದೂಡಿ, ಇನ್ನೊಂದು ಸಲ ಪರೀಕ್ಷೆ ಮಾಡಬೇಕು ಎಂದೆ. ಅವರು ಗಡಿಯಾರ ನೋಡಿದರು. "ನೀವು ಹುಡುಕಬಹುದಾದಲ್ಲೆಲ್ಲ ಹುಡುಕಿದ್ದೀರಿ. ಮೂಗಿನ ನಳಿಗೆ ಹೆಚ್ಚು ದಿನ ಇಟ್ಟರೆ ಅದೂ ಹಿಂಸೆಯೇ" ಎಂದರು. ಅದು ನಿಜವಿತ್ತು. ನಾನು ಹಟ ಬಿಡಲಿಲ್ಲ. "ಅವರು ಗೊಂದಲದಲ್ಲಿಲ್ಲ, ನಮ್ಮ ಪ್ರಶ್ನೆ ತಪ್ಪಿತ್ತು. ಇವತ್ತೊಂದು ದಿನ ಕೊಡಿ. ಮಧ್ಯಾಹ್ನವೂ ಉತ್ತರ ಉಲ್ಟಾ ಬಂದರೆ ನಾನೇ ಸಭೆಗೆ ಕಾಗದ ತಯಾರು ಮಾಡುತ್ತೇನೆ" ಎಂದೆ. ಅಜ್ಜ ಅಲ್ಲ ಎಂದು ಒತ್ತಿದರೆ ಅವರ ಬಾಯಿಗೆ ಬೀಗ ಹಾಕಿದವಳು ನಾನೇ ಆಗುತ್ತಿದ್ದೆ. ಡಾಕ್ಟರು ನನ್ನ ಮುಖ ನೋಡಿ ಒಪ್ಪಿದರು.

ಮಧ್ಯಾಹ್ನ ಸ್ಪೀಚ್ ಥೆರಪಿಸ್ಟು, ನಾನು, ಪರದೆಯ ಮೇಲೆ ದುಭಾಷಿ. ದುಭಾಷಿಗಳು ತಮ್ಮದೊಂದು ಮಾತೂ ಸೇರಿಸಬಾರದೆಂಬುದು ಅವರ ವೃತ್ತಿಧರ್ಮ. ನಾವು ಹೇಳಿದ್ದನ್ನಷ್ಟೇ ಹೇಳುತ್ತಾರೆ. ಇಷ್ಟು ದಿನ ನಮ್ಮ ತಪ್ಪು ಪ್ರಶ್ನೆಗಳನ್ನೂ ಹಾಗೆಯೇ ನಿಷ್ಠೆಯಿಂದ ದಾಟಿಸಿದ್ದರು. ಥೆರಪಿಸ್ಟು ಅಜ್ಜನ ದಿಂಬು ಎತ್ತರಿಸಿದಳು, ಟಿವಿ ಆರಿಸಿದಳು, ಅವರ ಎಡಗೈಯನ್ನು ತನ್ನ ಕೈಯಲ್ಲಿಟ್ಟುಕೊಂಡಳು. ಮೊದಲು ಗೊತ್ತಿರುವ ಪ್ರಶ್ನೆಗಳು. ದೀಪ ಉರಿಯುತ್ತಿದೆಯೇ, ಇದು ಶಾಲೆಯೇ. ಎಲ್ಲ ಸರಿ. ಆಮೇಲೆ ಅವಳು ನನ್ನ ಕಡೆ ನೋಡಿದಳು.

"ಸಲಿನಾಸ್ ನಿಮ್ಮ ಅಮ್ಮನ ಮನೆತನವೇ?" ಎಂದು ಕೇಳಿದೆ.

ದುಭಾಷಿ ಹೇಳಿ ಮುಗಿಸುವ ಮೊದಲೇ ಅಜ್ಜನ ತಲೆ ಕಿಟಕಿಯಿಂದ ನಮ್ಮ ಕಡೆ ತಿರುಗಿತು. ಕೈ ಒಮ್ಮೆ ಒತ್ತಿತು. ಒತ್ತಿ ಬಿಡಲೇ ಇಲ್ಲ, ಹಾಗೇ ಹಿಡಿದುಕೊಂಡಿತು. ಬಲಗಣ್ಣಿನಿಂದಲೂ ಎಡಗಣ್ಣಿನಿಂದಲೂ ನೀರು ಇಳಿಯಿತು.

"ಹೌದಂತೆ ಮಾರಾಯ್ತಿ" ಎಂದಳು ಅವಳು, ಕನ್ನಡದಲ್ಲೇ. "ಬಿಡ್ತಾ ಇಲ್ಲ ನೋಡು ಕೈ. ದೇವರೇ, ನಾನು ಎಂತದ್ದು ಬರೆದು ಇಟ್ಟೆ ಇವರ ಮೇಲೆ!"

ಉಳಿದದ್ದು ಎಂ. ಅಪ್ಪನ ಮನೆತನ ಎಂ ಅಕ್ಷರದಿಂದ ಶುರುವಾಗುತ್ತದೆ. ಸ್ಯಾನ್ ಮಟಿಯೋದ ಟೀಚರಿಗೆ ಮೊದಲೇ ಫೋನು ಮಾಡಿ, ಯಾರು ಏನು ಎಂದು ಹೇಳದೆ, ಮೆಕ್ಸಿಕೋದಲ್ಲಿ ಎಂ ಇಂದ ಶುರುವಾಗುವ ಮನೆತನಗಳನ್ನು ಕೇಳಿಕೊಂಡಿದ್ದೆ. ಅವರು ಅರ್ಥದೊಡನೆಯೇ ಹೇಳಿಕೊಟ್ಟಿದ್ದರು. ಅರ್ಥವಿಲ್ಲದೆ ಹೆಸರು ಹೇಳುವುದು ಅವರಿಂದಾಗುವ ಕೆಲಸವಲ್ಲ. ನಾನು ಒಂದೊಂದಾಗಿ ಕೇಳುತ್ತಾ ಹೋದೆ. ಮೆದಿನಾ, ಅರಬ್ಬರ ಭಾಷೆಯಲ್ಲಿ ಪಟ್ಟಣ. ಎರಡು ಸಲ ಒತ್ತಿದರು. ಮೊಲಿನಾ, ಗಿರಣಿ. ಎರಡು ಸಲ. ಮೊರೆನೊ, ಕಪ್ಪು ಮೈಬಣ್ಣದವನು. ಎರಡು ಸಲ, ಆದರೆ ತುಟಿಯ ಎಡತುದಿಯಲ್ಲಿ ಒಂದು ನಗು ಬಂದು ಹೋಯಿತು. ಅಜ್ಜ ಕಪ್ಪಗೇ ಇದ್ದರು. ಮೊರಾಲೆಸ್, ಹಿಪ್ಪುನೇರಳೆ ಮರಗಳ ತೋಪು. ಒಂದು ಸಲ.

ಸಂತೋಷದಲ್ಲಿ ಕೂಗಬೇಕೆನಿಸಿತು. ಮರುಕ್ಷಣ ಜೀವ ಇಳಿಯಿತು. ಸಲಿನಾಸ್ ಬೀದಿಗೊಬ್ಬರಿದ್ದರೆ ಮೊರಾಲೆಸ್ ಮನೆಗೊಬ್ಬರು! ಮೆಕ್ಸಿಕೋದಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಮನೆತನಗಳಲ್ಲಿ ಅದೂ ಒಂದು. ಬಾಣಲೆಯಿಂದ ಬೆಂಕಿಗೆ ಬಿದ್ದಂತಾಯಿತಲ್ಲ ಎಂದು ಥೆರಪಿಸ್ಟಿಗೆ ಹೇಳುವಷ್ಟರಲ್ಲೇ ಕಾನ್ಸುಲೇಟಿನ ಗುಮಾಸ್ತನ ಮಾತು ನೆನಪಾಯಿತು. ಪಾಪ, ಅವನನ್ನು ಸುಮ್ಮನೆ ಶಪಿಸಿದ್ದೆ. ಒಂದೊಂದು ಹೆಸರು ಊರ ತುಂಬ ಇರಬಹುದು. ಎರಡೂ ಕೂಡಿ, ಅದೇ ಕ್ರಮದಲ್ಲಿ ಇರುವುದು ಒಂದು ಅಪ್ಪ ಒಂದು ಅಮ್ಮನ ಮಕ್ಕಳಿಗೆ. ಮೊರಾಲೆಸ್ ಸಲಿನಾಸ್. ಅಜ್ಜನ ತಂಗಿ ಎಲ್ಲೇ ಇರಲಿ, ಯಾರನ್ನೇ ಮದುವೆಯಾಗಿರಲಿ, ಅವಳೂ ಮೊರಾಲೆಸ್ ಸಲಿನಾಸ್.

ಹೀಗೇ ಕೈ ಒತ್ತಿಸಿಕೊಳ್ಳುತ್ತಾ ಅವರ ರಾಜ್ಯ ಮಿಚೊಆಕಾನ್ ಎಂದು ತಿಳಿದುಕೊಂಡೆವು. ನಿಮ್ಮ ಮನೆಯವರನ್ನು ಹುಡುಕಲೇ ಎಂದು ಕೇಳಿ ಅವರ ಒಪ್ಪಿಗೆಯನ್ನೂ ಪಡೆದೆವು. ಕಾನ್ಸುಲೇಟಿಗೆ, ರೇಡಿಯೊಗೆ, ಸ್ಪ್ಯಾನಿಷಿನಲ್ಲಿ ಪೂಜೆ ನಡೆಯುವ ಇಗರ್ಜಿಗಳಿಗೆ ಎರಡೂ ಹೆಸರು ಕೊಟ್ಟೆ. ಆ ಭಾನುವಾರದ ಪೂಜೆಯ ಕೊನೆಯಲ್ಲಿ ಪಾದ್ರಿಗಳು ಅದನ್ನು ಓದಿದರು. ಕೇಳಿಸಿಕೊಂಡ ಯಾರೋ ಮೊಡೆಸ್ಟೊದಲ್ಲಿದ್ದ ತಮ್ಮ ನೆಂಟರಿಗೆ ಹೇಳಿದರು. ನೆಂಟರು ಪಕ್ಕದ ಮನೆಗೆ ಓಡಿದರು.

ಸೋಮವಾರ ನನ್ನ ಫೋನಿನಲ್ಲಿ ಒಂದು ಹೆಣ್ಣು ಧ್ವನಿ ಅಳುತ್ತಿತ್ತು. ದುಭಾಷಿಯನ್ನು ಸೇರಿಸಿಕೊಂಡು ಮಾತಾಡಿದೆ. ಅವರೇ ತಂಗಿ. ಊರು, ಅಪ್ಪ ಅಮ್ಮನ ಹೆಸರು, ಗುಲಾಬಿ ನರ್ಸರಿ, ಎಲ್ಲವೂ ತಾಳೆಯಾದವು. ಅಣ್ಣ ಭಾನುವಾರದ ಊಟಕ್ಕೆ ಬರುತ್ತೇನೆಂದು ಹೇಳಿದ್ದನಂತೆ. ಬರಲೇ ಇಲ್ಲ. ಅವನಿದ್ದ ಬಾಡಿಗೆ ಕೋಣೆಗೆ ಹೋದರೆ ಬೀಗ.

"ನಾನು ಒಂದೊಂದೇ ಆಸ್ಪತ್ರೆಗೆ ಫೋನು ಮಾಡಿದೆ. ನಿಮ್ಮ ಆಸ್ಪತ್ರೆಗೂ ಮಾಡಿದೆ. ಮೊರಾಲೆಸ್ ಎಂಬ ಹೆಸರಿನವರು ಯಾರೂ ಇಲ್ಲವೆಂದರು. ಇಲ್ಲ ಎಂದಮೇಲೆ ಸತ್ತೇ ಹೋಗಿದ್ದಾನೆಂದುಕೊಂಡು ಮೇಣದಬತ್ತಿ ಹಚ್ಚಿಟ್ಟಿದ್ದೇನೆ" ಎಂದರು.

ಅಣ್ಣ ಮೇಲಿನ ಮಹಡಿಯಲ್ಲಿ ತಂಗಿ ಇದ್ದಾಳೆಂದು ಕೈ ಒತ್ತುತ್ತಿದ್ದರು, ಕೆಳಗಿನ ಕೌಂಟರಿನವರು ತಂಗಿಗೆ ಅಣ್ಣ ಇಲ್ಲವೆಂದು ಹೇಳಿದ್ದರು. ಕೌಂಟರಿನವರು ಸುಳ್ಳು ಹೇಳಿರಲಿಲ್ಲ. ಕಂಪ್ಯೂಟರಿನಲ್ಲಿ ಮೊರಾಲೆಸ್ ಇರಲಿಲ್ಲ, ಒಂದು ಎಂ ಇತ್ತು ಅಷ್ಟೆ.

ಮರುದಿನ ಬೆಳಿಗ್ಗೆ ಅವರನ್ನು ಕರೆತರಲು ನಾನೇ ಬಾಗಿಲಿಗೆ ಇಳಿದೆ. ಕುಳ್ಳಗಿನ ಹಿರಿಯಾಕೆ, ಹಿಂದಕ್ಕೆ ಬಿಗಿದ ಬಿಳಿ ಜಡೆ, ಕೈಯಲ್ಲಿ ಟವೆಲು ಸುತ್ತಿದ ಪಾತ್ರೆ. ನುಂಗಲಾರದವರಿಗೆ ಊಟ ತರಬಾರದೆಂದು ಫೋನಿನಲ್ಲೇ ಹೇಳಿದ್ದೆ. ಆದರೂ ತಂದಿದ್ದರು. ನಾನೂ ಏನೂ ಅನ್ನಲಿಲ್ಲ, ನಮ್ಮ ಅವ್ವನಾಗಿದ್ದರೂ ತರುತ್ತಿದ್ದಳು. ಕೋಣೆಗೆ ಹೋದೊಡನೆ ಅವರು ಪಾತ್ರೆ ಕೆಳಗಿಟ್ಟು, ಕಾರ್ಡಿನಲ್ಲಾಗಲಿ ಕೈಪಟ್ಟಿಯಲ್ಲಾಗಲಿ ಇಲ್ಲದ ಒಂದು ಚಿಕ್ಕ ಹೆಸರಿನಿಂದ ಅಣ್ಣನನ್ನು ಕರೆದರು. ಅಜ್ಜ ಬಾಯಿ ತೆರೆದರು. ಮಾತು ಬರಲಿಲ್ಲ, ದನಿ ಬಂತು. ತಂಗಿ ಅವರ ಹಣೆಗೆ ಹಣೆ ಹಚ್ಚಿ ನಿಂತುಬಿಟ್ಟರು. ಥೆರಪಿಸ್ಟು ನನ್ನ ಬೆನ್ನ ಹಿಂದೆ ಮೂಗು ಸೊರಗುಟ್ಟಿಸುತ್ತಿದ್ದಳು.

ಮೇಜಿನ ಸಭೆ ನಡೆಯಲೇ ಇಲ್ಲ. ಥೆರಪಿಸ್ಟು ವರದಿ ತಿದ್ದಿದಳು. ಹೊಟ್ಟೆಯ ನಳಿಗೆಯ ವಿಷಯವನ್ನು ಡಾಕ್ಟರು ತಂಗಿಯ ಎದುರಿಗೆ ಅಜ್ಜನನ್ನೇ ಕೇಳಿದರು. ಬೇಕೆಂದರೆ ಏನಾಗುತ್ತದೆ, ಬೇಡವೆಂದರೆ ಏನಾಗುತ್ತದೆ ಎಂದು ವಿವರಿಸಿ, ಪ್ರಶ್ನೆಯನ್ನು ತಿರುಗಿಸಿ ಮುರುಗಿಸಿ ಕೇಳಿದರು. ಪ್ರತಿ ಸಲವೂ ಉತ್ತರ ಒಂದೇ. ಹಾಕಿ, ಸ್ವಲ್ಪ ಕಾಲ ನೋಡೋಣ. ಆಮೇಲೆ ಮೊಡೆಸ್ಟೊದ ಹತ್ತಿರದ ಆರೈಕೆ ಕೇಂದ್ರಕ್ಕೆ ಕಳುಹಿಸುವ ಏರ್ಪಾಡು ಮಾಡಿದೆ. ಸ್ಯಾನ್ ಮಟಿಯೋದ ಟೀಚರಿಗೆ ಈ ಸುದ್ದಿ ಹೇಳುವ ಹಕ್ಕು ನನಗಿರಲಿಲ್ಲ. ತಂಗಿಗೆ ಅವರ ಬಗ್ಗೆ ಹೇಳಿದಾಗ "ನಂಬರು ಕೊಡಿ, ನಾನೇ ಹೇಳುತ್ತೇನೆ" ಎಂದರು.

ಹೊರಡುವ ಮುಂಚೆ ದಾಖಲೆಯಲ್ಲಿ ಹೆಸರು ಸರಿಪಡಿಸುವುದಿತ್ತು. ಕೊನೆಯ ಹೆಸರಿನ ಖಾನೆಯಲ್ಲಿ ಎರಡು ಪದ ತುಂಬಲು ಕೌಂಟರಿನವರ ಜೊತೆ ಸಣ್ಣದೊಂದು ಜಗಳವೂ ಆಯಿತು. ಗೆದ್ದೆ. ಮೊರಾಲೆಸ್ ಸಲಿನಾಸ್ ಎಂದು ಹೊಸ ಕೈಪಟ್ಟಿ ಅಚ್ಚಾಗಿ ಬಂತು. ಒಂದು ಕೈಯಲ್ಲಿ ಎರಡು ಪಟ್ಟಿ ಇರಬಾರದೆಂಬುದು ನಿಯಮ. ನರ್ಸು ಹಳೆಯದನ್ನು ತೆಗೆಯಲು ಕತ್ತರಿ ಹಿಡಿದಾಗ ಅಜ್ಜ ಕೈಯನ್ನು ಎಳೆದುಕೊಂಡು ಎದೆಯ ಮೇಲಿಟ್ಟುಕೊಂಡರು. ನಾನು ಕೈ ಹಿಡಿದು ಮತ್ತೆ ಕೇಳಿದರೆ ಎರಡು ಸಲ ಒತ್ತಿದರು. ಅಲ್ಲ. ನಾವೆಲ್ಲ ತಬ್ಬಿಬ್ಬಾಗಿ ಒಬ್ಬರ ಮುಖ ಒಬ್ಬರು ನೋಡಿದೆವು. ತಂಗಿ ಮಾತ್ರ ಅವರ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು, ಸಲಿನಾಸ್ ಎಂದು ಬರೆದಿದ್ದ ಆ ಮಾಸಿದ ಪಟ್ಟಿಯನ್ನು ಹೆಬ್ಬೆರಳಿನಿಂದ ಸವರಿದರು. ಅವರು ಹೇಳಿದ್ದನ್ನು ದುಭಾಷಿ ಇದ್ದದ್ದು ಇದ್ದಂತೆ ದಾಟಿಸಿದರು.

"ಇಷ್ಟು ದಿನ ಇಲ್ಲಿ ಇವನ ಜೊತೆ ಇದ್ದವಳು ನಮ್ಮ ಅಮ್ಮ ಒಬ್ಬಳೇ. ಅವಳನ್ನು ನಾನು ಮನೆಗೆ ಕರೆದುಕೊಂಡು ಹೋಗುತ್ತೇನೆ."

ಅಜ್ಜ ಕೈ ಮುಂದೆ ಚಾಚಿದರು. ನರ್ಸು ಹಳೆಯ ಪಟ್ಟಿಯನ್ನು ಮೆಲ್ಲಗೆ ಕತ್ತರಿಸಿ ಕೊಟ್ಟಳು. ತಂಗಿ ಅದನ್ನು ಮಡಿಸಿ ಕರವಸ್ತ್ರದ ತುದಿಗೆ ಗಂಟು ಹಾಕಿಕೊಂಡರು. ಅಜ್ಜ ಅವರ ಕೈಯನ್ನು ಒಂದು ಸಲ ಒತ್ತಿದರು.